ನರಕದ ಚರ್ಚೆಗೆ ಬಿದ್ದ ಬೀಗ

ಬೀಗದಮ್ಮನಿಗೆ ಇಬ್ಬರು ಗಂಡುಮಕ್ಕಳು. ಇಬ್ಬರೂ ಅಪ್ಪಟ ಚಿನ್ನ. ಆದರೆ ನರಕದ ಮಾತು ಬಂದರೆ ಮಾತ್ರ ಇಬ್ಬರಿಗೂ ಎಣ್ಣೆ ಸೀಗೇಕಾಯಿ.

ದೊಡ್ಡವನು ಶಾಲೆಯ ಹೆಡ್‌ಮಾಸ್ಟರು, ಚರ್ಚಿನ ಹಿರಿಯರಲ್ಲೊಬ್ಬ. ಮನೆಯವರೂ ಸೇರಿ ಎಲ್ಲರೂ ಅವನನ್ನು ಮೇಷ್ಟ್ರು ಎಂದೇ ಕರೆಯುವುದು. ನರಕವೆಂದರೆ ಆರದ ಬೆಂಕಿ, ತೀರದ ಸಂಕಟ, ಒಮ್ಮೆ ಬಾಗಿಲು ಬಿತ್ತೆಂದರೆ ಬಿದ್ದಂತೆಯೇ ಎನ್ನುವುದು ಅವನ ನಂಬಿಕೆ. ಚಿಕ್ಕವನದು ಚರ್ಚಿನ ಎದುರಿಗೇ ಬೇಕರಿ. ಬೆಂಕಿಯ ಕೆಲಸ ಸುಡುವುದು, ಸುಟ್ಟು ಮುಗಿಸುವುದು. ದೇವರೇನು ಜನರನ್ನು ಯುಗಯುಗ ಹುರಿಯುತ್ತ ಕೂರುವ ಕಟುಕನೇ? ದೇವರನ್ನು ಒಲ್ಲದವರು ಒಂದು ದಿನ ಬೂದಿಯಾಗಿ ಇಲ್ಲವಾಗುತ್ತಾರೆ, ಅಲ್ಲಿಗೆ ಕತೆ ಮುಗಿಯಿತು ಎನ್ನುವುದು ಅವನ ಪಟ್ಟು. ಶಾಸ್ತ್ರದ ವಚನಗಳು ಇಬ್ಬರಿಗೂ ಬಾಯಿಪಾಠ. ಒಬ್ಬ ಒಂದು ಎಸೆದರೆ ಇನ್ನೊಬ್ಬ ಎರಡು ಎಸೆಯುವನು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪೈಕಿ, ಇಬ್ಬರೂ.

ಭಾನುವಾರ ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಉಣ್ಣುವಾಗ ಈ ಜಗಳ ತಪ್ಪಿದ್ದೇ ಇಲ್ಲ. ಬೀಗದಮ್ಮ ತಲೆ ಕೆಡಿಸಿಕೊಂಡವಳೂ ಅಲ್ಲ. ಗಂಡಸರಿಗೆ ಊಟದ ಜೊತೆ ನೆಂಚಿಕೊಳ್ಳಲು ಏನಾದರೂ ಬೇಕು, ಇವರಿಗೆ ನರಕ ಎಂದುಕೊಂಡು ಬಡಿಸುತ್ತಿದ್ದಳು. ಗಂಡ ಸತ್ತ ಮೇಲೆ ಮಾತ್ರ ಆ ಮಾತು ಗಂಟಲಲ್ಲಿ ಮುಳ್ಳಿನಂತೆ ಸಿಕ್ಕಿಕೊಳ್ಳತೊಡಗಿತು.

ಗಂಡನಿಗೆ ಪೇಟೆಯ ಮೂಲೆಯಲ್ಲಿ ಬೀಗದ ಅಂಗಡಿ. ಒಳಗೆ ಅರ, ಸುತ್ತಿಗೆ, ಎಣ್ಣೆಯ ವಾಸನೆಯ ನಡುವೆ ಅವನು. ಮುಂದೆ ಗಲ್ಲಾದ ಹತ್ತಿರ ಇವಳು. ಬೀಗದಮ್ಮ ಎಂಬ ಹೆಸರು ಬಂದದ್ದು ಹಾಗೆ. ಊರಿನ ಅರ್ಧ ಬಾಗಿಲುಗಳಿಗೆ ಅವನ ಕೈಯ ಬೀಗ. ಅವನಿಗೊಂದು ಹಟವಿತ್ತು. ಒಳಗಿದ್ದವರು ಕೀಲಿಕೈ ಇಲ್ಲದೆ ಹೊರಗೆ ಬರಲಾಗದಂಥ ಬೀಗವನ್ನು ಎಂಥ ದೊಡ್ಡ ಗಿರಾಕಿ ಬಂದು ಕೇಳಿದರೂ ಹಾಕುತ್ತಿರಲಿಲ್ಲ. ಬೀಗದ ಮೈಯಲ್ಲಿ, ಕೋಣೆಯ ಒಳಬದಿಗೆ, ಮೊಳೆಯ ತಲೆಯಂತೆ ಕಾಣುವ ಒಂದು ಹಿತ್ತಾಳೆ ಗುಂಡಿ ಇಟ್ಟಿರುತ್ತಿದ್ದ. ಅದನ್ನು ಒತ್ತಿ ಕೆಳಕ್ಕೆ ಎಳೆದರೆ ಸಾಕು, ಅಗುಳಿ ಸರಿಯುವುದು. ಕೇಳಿದವರಿಗೆ ತೋರಿಸುತ್ತಿದ್ದ, ಕೇಳದವರಿಗೆ ಹೇಳುತ್ತಿರಲಿಲ್ಲ; ಮಕ್ಕಳಿಬ್ಬರೂ ಎಂದೂ ಕೇಳಿದವರಲ್ಲ. ಈ ಹಟ ಯಾಕೆ ಹುಟ್ಟಿತೆಂದು ಹೆಂಡತಿಯೊಬ್ಬಳಿಗೇ ಗೊತ್ತು. ನಾವೂ ಅದಕ್ಕೆ ಬರೋಣ, ಆತುರವೇನಿಲ್ಲ.

ಚರ್ಚಿಗೂ ಅವನಿಗೂ ಕೆಲಸದ ನಂಟು ಮಾತ್ರ. ಭಾನುವಾರ ಹೆಂಡತಿಯನ್ನು ಬಾಗಿಲವರೆಗೆ ಬಿಟ್ಟು ತಾನು ಮೆಟ್ಟಿಲ ಮೇಲೆ ಕೂರುವನು. ಆರಾಧನೆ ಮುಗಿಯುವವರೆಗೆ ಅಲ್ಲೇ ಯಾವುದೋ ಕೀಲಿಕೈಗೆ ಅರ ಹಾಕುತ್ತಿದ್ದು, ಮತ್ತೆ ಅವಳನ್ನು ಕರೆದುಕೊಂಡು ಮನೆಗೆ ಹೋಗುವನು. ಹಿಂದಿದ್ದ ಪಾದ್ರಿ ಒಮ್ಮೆ, "ಒಳಗೆ ಬನ್ನಿ ಯಜಮಾನ್ರೇ, ನರಕದ ಭಯ ಇಲ್ವಾ ನಿಮಗೆ?" ಎಂದು ಕೇಳಿದ್ದರು. "ಒಳಗಿರೋರು ಹೊರಗೆ ಬರೋಕಾಗದ ಬೀಗ ನಾನೇ ಹಾಕಲ್ಲ ಅಯ್ಯನವರೇ. ನಿಮ್ಮ ದೇವರು ಹಾಕ್ತಾನೆ ಅಂತೀರಲ್ಲ, ಆ ಜಗಳ ಮೊದ್ಲು ತೀರಲಿ" ಎಂದಿದ್ದ. ಅದು ತೀರುವ ಮೊದಲೇ, ಈ ಬೇಸಿಗೆಯಲ್ಲಿ ಒಂದು ದಿನ ಉಂಡು ಕೈತೊಳೆದು ಮಲಗಿದವನು ಮತ್ತೆ ಏಳಲಿಲ್ಲ.

ಆ ಚರ್ಚಿನಲ್ಲೊಂದು ರೂಢಿ. ಆರಾಧನೆಗೆ ಗಂಟೆಯನ್ನು ಬಿಡದೆ ಬಾರಿಸುತ್ತಾರೆ. ಸಭೆಯವರು ಯಾರಾದರೂ ತೀರಿಕೊಂಡರೆ ಒಂದೇ ಒಂದು ಪೆಟ್ಟು. ಅದು ಕೇಳಿದರೆ ಬೀದಿಯಲ್ಲಿ ಯಾರು ಏನು ಮಾಡುತ್ತಿದ್ದರೂ ನಿಲ್ಲಿಸಿ, ನಾದ ಅಡಗುವವರೆಗೆ ತಲೆಬಾಗಿ ನಿಲ್ಲುತ್ತಾರೆ. ಜನ್ಮದಲ್ಲಿ ಚರ್ಚಿನ ಮೆಟ್ಟಿಲು ಹತ್ತದವರೂ ನಿಲ್ಲುತ್ತಾರೆ. ಬೀಗದಮ್ಮನ ಗಂಡನಿಗೆ ಆ ಪೆಟ್ಟು ಬೀಳಲಿಲ್ಲ, ಅವನು ಸಭೆಯವನಲ್ಲವಲ್ಲ. ಅವನನ್ನು ಹೊತ್ತುಕೊಂಡು ಹೋಗುವಾಗ ಬೀದಿ ಎಂದಿನ ಹಾಗೆ ಗದ್ದಲ ಮಾಡುತ್ತಲೇ ಇತ್ತು. ಗಂಡ ಸತ್ತ ದುಃಖ ಒಂದು ತೂಕವಾದರೆ ಆ ಗದ್ದಲದ ನೋವೇ ಒಂದು ತೂಕ. ಅವಳು ಬೇಡಿದ್ದು ದೊಡ್ಡದೇನಲ್ಲ, ತಡವಾದರೂ ಅಡ್ಡಿಯಿಲ್ಲ, ಒಂದು ಪೆಟ್ಟು.

ಹೊಸ ಪಾದ್ರಿ ಚಿಕ್ಕ ವಯಸ್ಸಿನವರು, ಗುಂಡಗಿನವರು, ಯಾರಿಗೂ ಇಲ್ಲ ಎನ್ನಲು ಬಾರದವರು. "ನಂದೇನೂ ಅಭ್ಯಂತರ ಇಲ್ಲಮ್ಮ, ಹಿರಿಯರು ಒಪ್ಪಬೇಕು" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ಹಿರಿಯರಲ್ಲಿ ಅರ್ಧ ಜನ ಹೂಂ ಎಂದರು, ಅರ್ಧ ಜನ ಉಹೂಂ ಎಂದರು. ಬೀಗದಮ್ಮ ಭಾನುವಾರದ ಊಟಕ್ಕೆ ಕಾದಳು.

"ಲೋ ಮೇಷ್ಟ್ರೇ, ನೀನಾದ್ರೂ ಒಂದು ಮಾತು ಹೇಳೋ. ಅವರೆಲ್ಲ ನಿನ್ನ ಮಾತು ಕೇಳ್ತಾರೆ."

ಮೇಷ್ಟ್ರು ತಟ್ಟೆಯಿಂದ ತಲೆ ಎತ್ತಲಿಲ್ಲ. "ಅಮ್ಮಾ, ಗಂಟೆ ಹೊಡೆಯೋದು ಅಂದ್ರೆ ಅವರು ದೇವರ ಹತ್ರ ಸೇರಿದ್ರು ಅಂತ ಸಾರೋದು. ನಂಬದೇ ಹೋದೋರಿಗೆ ನಾನು ಹ್ಯಾಗೆ ಸಾರಲಿ?"

"ಹಾಗಾದ್ರೆ ನಿಮ್ಮಪ್ಪ ಎಲ್ಲಿದಾರೆ? ಬೆಂಕೀಲಾ?"

ಮೇಷ್ಟ್ರ ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು. "ನಾನು ಹಾಗಂದ್ನಾ?"

"ಮತ್ತೆ ಹ್ಯಾಗಂದೆ?" ಎಂದು ಅವಳು ಚಿಕ್ಕವನ ಕಡೆ ತಿರುಗಿದಳು. "ನೀನು ಹೇಳೋ."

"ಅಪ್ಪಂಗೆ ಯಾವ ನೋವೂ ಇಲ್ಲಮ್ಮ. ಎಲ್ಲಾ ಮುಗೀತು. ಅಲ್ಲಿ ಬೆಂಕೀನೂ ಇಲ್ಲ, ಅಪ್ಪಾನೂ..." ಎಂದವನು ಮುಂದಿನ ಮಾತು ನುಂಗಿದ.

"ಅಪ್ಪಾನೂ ಇಲ್ಲ. ಹೇಳ್ಬಿಡು, ಯಾಕೆ ನುಂಗ್ತೀಯಾ? ಭೇಷ್ ಕಣ್ರೋ! ದೊಡ್ಡೋನು ಅವರನ್ನ ಒಲೇಲಿಟ್ಟ, ಚಿಕ್ಕೋನು ಒಲೆಯಿಂದ ಇಳಿಸಿ ಬೂದಿ ಚೆಲ್ಲಿಬಿಟ್ಟ. ನಾಳೆ ನಾನು ಸತ್ತ ಮೇಲೆ ಅವರನ್ನ ಎಲ್ಲಿ ಅಂತ ಹುಡುಕಲಿ?"

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಹಿರಿಸೊಸೆ ಸಿಟ್ಟಿನಿಂದ ಮೇಜಿನಡಿ ಗಂಡನ ಕಾಲಿಗೆ ಒದ್ದಳು. ಅದು ಮೈದುನನಿಗೆ ತಗುಲಿ ಅವನು "ಅಯ್ಯೋ ಅತ್ತಿಗೆ!" ಎಂದು ಚೀರಿದ. ಅಂದಿನ ಊಟ ಅಲ್ಲಿಗೆ ಮುಗಿಯಿತು.

ಕೊನೆಗೆ ಪಾದ್ರಿಯೇ ಒಂದು ದಾರಿ ಹುಡುಕಿದರು. ನರಕವೆಂದರೇನೆಂದು ಎಲ್ಲರೆದುರು ಒಂದು ಚರ್ಚೆ ಆಗಲಿ, ಆಮೇಲೆ ಗಂಟೆಯ ವಿಷಯಕ್ಕೆ ಜನರೇ ಕೈ ಎತ್ತಲಿ. ಒಂದು ಪಕ್ಷಕ್ಕೆ ಮೇಷ್ಟ್ರು, ಇನ್ನೊಂದು ಪಕ್ಷಕ್ಕೆ ಬೇಕರಿಯವನು. ಬೀಗದಮ್ಮನಿಗೆ ಒಳಗೊಳಗೇ ನಗು ಬಂತು, ಅಳುವೂ ಬಂತು. ಎತ್ತು ಏರಿಗೆಳೆದು ಕೋಣ ನೀರಿಗೆಳೆದರೆ ಗಾಡಿ ಹೋಗುವುದೆಲ್ಲಿಗೆ? ಬೆಂಕಿ ಗೆದ್ದರೂ ಬೂದಿ ಗೆದ್ದರೂ ಅವನು ದೇವರ ಹತ್ತಿರ ಸೇರಿದಂತಾಗದು, ಗಂಟೆಯಂತೂ ಇಲ್ಲ.

ಚರ್ಚೆ ನಡೆದದ್ದು ಗಂಟೆಗೋಪುರದ ಕೆಳಗಿನ ಕೋಣೆಯಲ್ಲಿ. ಕಲ್ಲಿನ ದಪ್ಪ ಗೋಡೆ, ತಲೆಗಿಂತ ಎತ್ತರದಲ್ಲಿ ಸರಳು ಹಾಕಿದ ಸಣ್ಣ ಕಿಟಕಿಗಳು, ಒಂದೇ ಬಾಗಿಲು. ಮೂಲೆಯಲ್ಲಿ ಗಂಟೆಯ ಹಗ್ಗ ಇಳಿಬಿದ್ದಿತ್ತು. ನಡುವೆ ಕಿಣಿಕಿಣಿ ಬೇಡವೆಂದು ಪಾದ್ರಿ ಎಲ್ಲರ ಮೊಬೈಲನ್ನೂ ಒಂದು ಬುಟ್ಟಿಯಲ್ಲಿ ಹಾಕಿಸಿ ಹೊರಗಿನ ಜಗಲಿಯಲ್ಲಿ ಇಡಿಸಿದ್ದರು. ಬೀದಿಯಲ್ಲಿ ರಸ್ತೆ ಅಗೆಯುವ ಯಂತ್ರವೊಂದು ಬೆಳಗಿನಿಂದ ಗಡಗಡ ಎನ್ನುತ್ತಿತ್ತು. ಜನ ಬೆಂಚು ತುಂಬಿ ಕೂತರು. ಬೀಗದಮ್ಮ ಬಾಗಿಲಿಗೆ ಹತ್ತಿರದ ಬೆಂಚಿನಲ್ಲಿ ಹಿರಿಸೊಸೆಯ ಪಕ್ಕ ಕೂತಳು.

ಮೇಷ್ಟ್ರಿಗೆ ತರಗತಿಯ ಅಭ್ಯಾಸ. ಪಾಠ ಶುರುವಾದರೆ ಬಾಗಿಲು ಹಾಕಬೇಕು. ತಡವಾಗಿ ಬಂದವನು ಹೊರಗೆ, ಬೇಸರವಾದವನು ಒಳಗೆ. ಎದ್ದು ಹೋಗಿ ಒಳಗಿನಿಂದ ಬೀಗಕ್ಕೆ ಕೀಲಿಕೈ ಹಾಕಿ ತಿರುಗಿಸಿದರು. ಅದು ಅವರಪ್ಪ ಕೂರಿಸಿದ್ದ ಬೀಗವೇ. ಎಣ್ಣೆ ಕಾಣದೆ ಬಿಗಿಯಾಗಿತ್ತು. ಮೇಷ್ಟ್ರು ಹಲ್ಲು ಕಚ್ಚಿ ತಿರುವಿದರು. ಅಗುಳಿ ಬಿತ್ತು, ಅದರ ಹಿಂದೆಯೇ "ಟಕ್" ಎಂಬ ಸಣ್ಣ ಸದ್ದು. ಬೇರೆ ಯಾರಿಗೂ ಅದು ಕೇಳಲಿಲ್ಲ. ಬೀಗದ ಅಂಗಡಿಯಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡ ಬೀಗದಮ್ಮನಿಗೆ ಕೇಳಿತು. ಕೀಲಿಕೈ ಮುರಿದಿದೆ! ಮೇಷ್ಟ್ರು ಕೈಯಲ್ಲುಳಿದ ಅರ್ಧವನ್ನು ಮೆಲ್ಲಗೆ ಜೇಬಿಗಿಳಿಸಿ, ಏನೂ ಆಗದವರಂತೆ ಬಂದು ಕೂತರು. ಚಿಕ್ಕಂದಿನಲ್ಲಿ ಗಾಜಿನ ಲೋಟ ಒಡೆದಾಗಲೂ ಅವರ ಮುಖ ಹೀಗೇ ಇರುತ್ತಿತ್ತು.

ಚರ್ಚೆ ಜೋರಾಗಿಯೇ ನಡೆಯಿತು. ಮೇಷ್ಟ್ರು ಆರದ ಬೆಂಕಿ, ಸಾಯದ ಹುಳ, ಆಚೀಚೆ ದಾಟಲಾಗದ ಕಂದಕ ಎಲ್ಲವನ್ನೂ ತಂದು ನಿಲ್ಲಿಸಿದರು. "ಶಿಕ್ಷೆಗೆ ಕೊನೆ ಇದೆ ಅಂದ್ರೆ ಸ್ವರ್ಗಕ್ಕೂ ಕೊನೆ ಇದೆ ಅನ್ನಿ. ಎರಡಕ್ಕೂ ಒಂದೇ ಮಾತು ಬಳಸಿದೆ ಶಾಸ್ತ್ರ!" ಎಂದು ಮೇಜು ಗುದ್ದಿದರು. ಬೇಕರಿಯವನು ಎದ್ದು, "ಪಾಪದ ಸಂಬಳ ಮರಣ ಅಂತಿದೆ, ಮರಣ ಅಂದ್ರೆ ಮರಣಾನೇ, ಸಾಯದೇ ನರಳೋದಲ್ಲ!" ಎಂದ. ಹಿಂದಿನ ಸಾಲಿನಿಂದ ಟೈಲರ್ ತಾತ ಎದ್ದು ನಿಂತ. "ನೀವಿಬ್ರೂ ಕೂತ್ಕೊಳಿ. ಕಳೆದುಹೋದ ಕುರೀನ ಸಿಗೋವರೆಗೂ ಹುಡುಕ್ತಾನೆ ಅಂತಿದೆ. ಕತ್ತಲಾಯ್ತು ಅಂತ ಅರ್ಧಕ್ಕೇ ವಾಪಸ್ ಬರೋ ಕುರುಬನಾ ನಮ್ಮೋನು? ಕೊನೇಗೆ ಎಲ್ರನ್ನೂ ಹುಡುಕಿ ತರ್ತಾನೆ." ಆ ಮಾತಿಗೆ ಬೀಗದಮ್ಮನ ಎದೆ ತಂಪಾಯಿತು. ಆದರೆ ಮೇಷ್ಟ್ರೂ ಬೇಕರಿಯವನೂ ಅಪರೂಪಕ್ಕೆ ಒಂದಾಗಿ ತಾತನ ಮೇಲೆ ಬಿದ್ದರು. "ಹಾಗಾದ್ರೆ ಕಳ್ಳ ಸುಳ್ಳ ಎಲ್ರೂ ಒಂದೇನಾ?" ಎಂದು ಒಬ್ಬ, "ಬರಲ್ಲ ಅಂತ ಹಟ ಹಿಡಿದೋನನ್ನ ಎಳ್ಕೊಂಡು ಬರ್ತಾನಾ?" ಎಂದು ಇನ್ನೊಬ್ಬ. ತಾತ ಗೊಣಗುತ್ತ ಕೂತ.

ಅಷ್ಟರಲ್ಲಿ ಬೇಕರಿಯವನು ಮೂಗು ಅರಳಿಸಿ, ತಲೆಯ ಮೇಲೆ ಕೈ ಹೊತ್ತುಕೊಂಡ. "ಅಯ್ಯಯ್ಯೋ, ಒಲೇಲಿ ಬನ್ನು! ಬೇಗ ಮುಗಿಯುತ್ತೆ ಅಂದ್ಕೊಂಡಿದ್ದೆ. ಅಣ್ಣಾ, ಕೀಲಿಕೈ ಕೊಡು!"

ಮೇಷ್ಟ್ರು ಜೇಬಿಗೆ ಕೈ ಹಾಕಿ, ತೆಗೆದು, ಅಂಗೈ ಬಿಚ್ಚಿದರು. ಅರ್ಧ ಕೀಲಿಕೈ ಎಲ್ಲರಿಗೂ ಕಂಡಿತು.

"ಮುರಿದಿದೆಯಲ್ಲೋ! ಯಾವಾಗ?"

"ಆಗ್ಲೇ."

"ಆಗ್ಲೇ ಮುರೀತು, ಮುಚ್ಚಿಟ್ಕೊಂಡು ನಮಗೆಲ್ಲ ಪಾಪದ ಬಗ್ಗೆ ಹೇಳ್ತಿದ್ಯಾ?"

ಕೋಣೆಯಲ್ಲಿ ನಗೆ ಎದ್ದಿತು. ನಗು ನಿಂತ ಮೇಲೆ ದಿಗಿಲು ಶುರುವಾಯಿತು. ನಾಲ್ವರು ಸೇರಿ ಬಾಗಿಲಿಗೆ ಭುಜ ಕೊಟ್ಟರು; ಬಾಗಿಲು ಜಪ್ಪಯ್ಯ ಎನ್ನಲಿಲ್ಲ. ಪಾದ್ರಿ ಬೆಂಚಿನ ಮೇಲೆ ಬೆಂಚಿಟ್ಟು ಹತ್ತಿ, ಕಿಟಕಿಯಿಂದ "ಯಾರಾದ್ರೂ ಬನ್ನಿ!" ಎಂದು ಕೂಗಿದರು. ಗಡಗಡ ಯಂತ್ರದ ಮುಂದೆ ಅವರ ದನಿ ಯಾವ ಮೂಲೆಗೆ? ಜಗಲಿಯ ಬುಟ್ಟಿಯೊಳಗೆ ಯಾರದೋ ಮೊಬೈಲು ಹಾಡತೊಡಗಿ, ಹಾಡಿ ಹಾಡಿ ಸುಮ್ಮನಾಯಿತು. ಸುಟ್ಟ ವಾಸನೆ ಕಿಟಕಿಯಿಂದ ತೇಲಿ ಬಂತು. "ನನ್ನ ಬನ್ನೆಲ್ಲಾ ಬೂದಿ ಆಗ್ತಿದೆ!" ಎಂದು ಬೇಕರಿಯವನು ಗೋಳಾಡಿದರೆ, "ನಿನ್ನ ವಾದದ ಪ್ರಕಾರ ಸರಿಯಾಗೇ ಇದೆಯಲ್ಲಪ್ಪ" ಎಂದು ಮೇಷ್ಟ್ರು ಆ ಹೊತ್ತಿನಲ್ಲೂ ಬಿಡಲಿಲ್ಲ.

ಬೀಗದಮ್ಮನ ನಾಲಿಗೆಯ ತುದಿಗೆ ಮಾತು ಬಂದುಬಿಟ್ಟಿತ್ತು. ಬೀಗದ ಕೆಳತುದಿಯಲ್ಲಿ, ಬಣ್ಣದ ಪದರದಡಿ ಉಬ್ಬಿಕೊಂಡ ಆ ಗುಂಡಿ ಅವಳಿಗೆ ಕೂತಲ್ಲಿಂದಲೇ ಕಾಣುತ್ತಿತ್ತು. ಎದ್ದಳು ಕೂಡ. ಎದ್ದವಳ ಕಣ್ಣು ಮೂಲೆಯಲ್ಲಿ ಇಳಿಬಿದ್ದ ಗಂಟೆಯ ಹಗ್ಗದ ಮೇಲೆ ಬಿತ್ತು. ಹಗ್ಗ ನೋಡಿದಳು, ಮಗನನ್ನು ನೋಡಿದಳು, ಸೆರಗು ಸರಿಮಾಡಿಕೊಂಡು ಮತ್ತೆ ಕೂತಳು.

"ಅತ್ತೆ, ಯಾಕೆ ನಗ್ತಿದೀರಾ?" ಎಂದು ಸೊಸೆ ಪಿಸುಗುಟ್ಟಿದಳು.

"ಸುಮ್ನಿರೇ. ಹಸಿದೋಳು ಹಣ್ಣು ಉದುರೋವರೆಗೆ ಕಾಯ್ಬೇಕು." ಆಮೇಲೆ ದನಿ ಎತ್ತಿ, "ಅಲ್ರೋ, ಅಷ್ಟು ದೊಡ್ಡ ಗಂಟೆ ಇಟ್ಕೊಂಡು ಕಿಟಕೀಲಿ ಯಾಕೆ ಕೂಗ್ತೀರಾ?" ಎಂದಳು.

"ಹೌದಲ್ಲ!" ಎಂದು ಎಲ್ಲರೂ ಹಗ್ಗದ ಕಡೆ ತಿರುಗಿದರು. ಮೇಷ್ಟ್ರು ಅಡ್ಡ ನಿಂತರು. "ಗಂಟೆ ಇರೋದು ಆರಾಧನೆಗೆ, ಇಲ್ಲಾ ತೀರಿಹೋದೋರಿಗೆ. ಸುಮ್ಸುಮ್ನೆ ಹೊಡೆಯೋ ಹಾಗಿಲ್ಲ." ಟೈಲರ್ ತಾತ, "ಇನ್ನೊಂದು ಗಳಿಗೆ ತಡೆದ್ರೆ ತೀರಿಹೋಗೋನು ನಾನೇ ಕಣಯ್ಯ, ನಂಗೆ ಅರ್ಜೆಂಟಾಗಿ ಹೊರಗೆ ಹೋಗ್ಬೇಕು" ಎಂದ. ಬೇಕರಿಯವನು ಅಣ್ಣನ ಗಡ್ಡ ಹಿಡಿದು ಬೇಡಿದ. ಕೀಲಿಕೈ ಮುರಿದದ್ದು ತನ್ನ ಕೈಯಿಂದಲೇ, ಮೇಷ್ಟ್ರು ಇನ್ನೇನು ಮಾಡಿಯಾರು? ಹೋಗಿ ಎರಡೂ ಕೈಯಲ್ಲಿ ಹಗ್ಗ ಹಿಡಿದು, ಮೈಭಾರವೆಲ್ಲ ಹಾಕಿ ಎಳೆದರು.

ಢಣ್!

ತಲೆಯ ಮೇಲಿನಿಂದ ಬಿದ್ದ ಆ ಸದ್ದಿಗೆ ಬೆಂಚುಗಳು ನಡುಗಿದವು. ಮೇಷ್ಟ್ರು ಮತ್ತೆ ಎಳೆಯಲು ಕೈ ಎತ್ತಿದ್ದರು. ಕಿಟಕಿಯ ಹತ್ತಿರದಿಂದ ಪಾದ್ರಿ, "ನಿಲ್ಸಿ, ನಿಲ್ಸಿ ಮೇಷ್ಟ್ರೇ! ಎಲ್ರೂ ನಿಂತ್ಬಿಟ್ರು!" ಎಂದರು.

ಗಡಗಡ ಯಂತ್ರ ನಿಂತಿತ್ತು. ಒಂದು ಪೆಟ್ಟು ಕೇಳಿದ ಬೀದಿ, ಯಾರೋ ತೀರಿಕೊಂಡರೆಂದು ತಲೆಬಾಗಿ ನಿಂತುಬಿಟ್ಟಿತ್ತು. "ಯಂತ್ರದೋನು ಟೊಪ್ಪಿ ತೆಗೆದಿದಾನೆ" ಎಂದು ಪಾದ್ರಿ ಮೆಲ್ಲಗೆ ಹೇಳುತ್ತ ಹೋದರು. "ಹಣ್ಣಿನೋಳು ತಕ್ಕಡಿ ಕೆಳಗಿಟ್ಲು. ಸ್ಕೂಟರಿನೋನು ಕಾಲೂರಿ ನಿಂತಿದಾನೆ." ಒಳಗಿದ್ದವರೂ ಅರಿವಿಲ್ಲದೆ ಎದ್ದು ನಿಂತರು, ರೂಢಿ ಬಿಡುತ್ತದೆಯೇ? ಬೀಗದಮ್ಮ ಕಣ್ಣು ಮುಚ್ಚಿಕೊಂಡಳು. ಅವನನ್ನು ಹೊತ್ತುಕೊಂಡು ಹೋದ ದಿನ ಸಿಗದಿದ್ದ ಮೌನ ಈಗ ಸಿಕ್ಕಿತ್ತು. ನಾದ ಸಣ್ಣಗಾಗಿ, ಇನ್ನೂ ಸಣ್ಣಗಾಗಿ ಅಡಗುವವರೆಗೂ ಅವಳು ಒಂದೇ ಹೆಸರು ನೆನೆದಳು.

ನಾದ ಅಡಗಿದ್ದೇ ತಡ, ಯಂತ್ರ ಮತ್ತೆ ಗಡಗಡ ಎಂದಿತು, ಬೀದಿ ತನ್ನ ಪಾಡಿಗೆ ಹೊರಟಿತು. ಬಾಗಿಲು ತೆಗೆಯಲು ಒಂದು ನರಪಿಳ್ಳೆಯೂ ಬರಲಿಲ್ಲ.

"ಎಲ್ರೂ ಹೋದ್ರು!" ಎಂದು ಪಾದ್ರಿ ತಲೆ ಚಚ್ಚಿಕೊಂಡರು.

ಬೀಗದಮ್ಮ ಎದ್ದು ಬಾಗಿಲ ಹತ್ತಿರ ಹೋದಳು. ಉಗುರಿನಿಂದ ಬಣ್ಣ ಕೆರೆದು, ಗುಂಡಿ ಒತ್ತಿ ಕೆಳಕ್ಕೆ ಎಳೆದಳು. ಅಗುಳಿ ಸರ್ರನೆ ಸರಿಯಿತು, ಬಾಗಿಲು ತೆರೆದು ಬಿಸಿಲು ಒಳಗೆ ಬಿತ್ತು. ಬೇಕರಿಯವನು ಬಿಟ್ಟ ಬಾಣದಂತೆ ಒಲೆಗೆ ಓಡಿದ. ಟೈಲರ್ ತಾತ ಅವನ ಹಿಂದೆಯೇ ಬೇರೆ ಕಡೆಗೆ ಓಡಿದ. ಉಳಿದವರು ಬಾಯಿ ತೆರೆದು ನಿಂತರು.

"ಅಮ್ಮಾ! ನಿಂಗೆ ಗೊತ್ತಿತ್ತಾ?" ಎಂದರು ಮೇಷ್ಟ್ರು. "ಮೊದ್ಲೇ ಹೇಳಬಾರ್ದಿತ್ತಾ?"

"ಮೊದ್ಲೇ ಹೇಳಿದ್ರೆ ನಿಮ್ಮಪ್ಪಂಗೆ ಗಂಟೆ ಹೊಡೀತಿದ್ಯೇನೋ?"

ಸೊಸೆ ಕಿಸಕ್ಕನೆ ನಕ್ಕಳು. ಪಾದ್ರಿ ಬೆಂಚಿನ ಮೇಲೆಯೇ ನಗುತ್ತ ಕೂತುಬಿಟ್ಟರು. ಮೇಷ್ಟ್ರಿಗೆ ನಗು ಬರಲಿಲ್ಲ. ಅವರು ಆ ಹಿತ್ತಾಳೆ ಗುಂಡಿಯನ್ನೇ ನೋಡುತ್ತ, "ಅಪ್ಪ ಇದನ್ನ ಯಾಕೆ ಇಟ್ಟಿದ್ರು?" ಎಂದು ಕೇಳಿದರು.

ಬೀಗದಮ್ಮ ಇಷ್ಟು ದಿನ ಹೇಳಿರಲಿಲ್ಲ. ಗಂಡನೇ ಬೇಡ ಎಂದಿದ್ದ, ಮಗನಿಗೆ ನಾಚಿಕೆಯಾದೀತೆಂದು.

"ನೀನು ಆಗಿನ್ನೂ ಇಷ್ಟುದ್ದ ಇದ್ದೆ ಕಣೋ. ಅಂಗಡಿ ಹಿಂದಿನ ಕೋಣೆಗೆ ಅವರು ಹೊಸ ಬೀಗ ಹಾಕಿದ್ರು, ಎಳೆದ್ರೆ ತಾನೇ ಬೀಳೋ ಅಂಥದ್ದು. ನೀನು ಒಳಗೆ ಹೋಗಿ ಬಾಗಿಲು ಎಳ್ಕೊಂಡುಬಿಟ್ಟೆ. ಕೀಲಿಕೈ ಒಳಗೇ ಇತ್ತು. ಅವತ್ತು ಬೆಳಿಗ್ಗೆ ಎಣ್ಣೆ ಡಬ್ಬಿ ಚೆಲ್ಲಿ ಬೈಸ್ಕೊಂಡಿದ್ದೆ. ಅದಕ್ಕೇ ಕೂಡಿಹಾಕಿದಾರೆ ಅಂದ್ಕೊಂಡಿದ್ಯೋ ಏನೋ, 'ಅಪ್ಪಾ ಇನ್ಮೇಲೆ ಮಾಡಲ್ಲ, ಬಾಗ್ಲು ತೆಗಿ, ಇನ್ಮೇಲೆ ಮಾಡಲ್ಲ' ಅಂತ ಒಳಗಿಂದ ಅಳ್ತಿದ್ದೆ. ಅವರು ಅದನ್ನ ಕೇಳ್ತಾ ಬಾಗಿಲು ಒಡೆದ್ರು. ಕೈಯೆಲ್ಲ ರಕ್ತ. ನಿನ್ನ ಎತ್ಕೊಂಡು, ನಿನಗಿಂತ ಜೋರಾಗಿ ಅತ್ರು. ಆಮೇಲೆ ಇಂಥ ಗುಂಡಿ ಇಲ್ಲದ ಬೀಗ ಅವರ ಕೈಯಿಂದ ಒಂದೂ ಹೊರಗೆ ಹೋಗಲಿಲ್ಲ."

ಮೇಷ್ಟ್ರು ಬೀಗದತ್ತ ಬಗ್ಗಿದರು. ಗುಂಡಿಯ ಮೇಲೆ ಒಮ್ಮೆ ಬೆರಳಾಡಿಸಿದರು. ಜನ ಹೊರಗೆ ಹೊರಟಿದ್ದರು. ಕೈ ಎತ್ತಿಸುವ ಮಾತನ್ನು ಪಾದ್ರಿ ಎತ್ತಲಿಲ್ಲ, ಯಾರೂ ನೆನಪಿಸಲೂ ಇಲ್ಲ. ಬೀಗದಮ್ಮ ಹೊರಗೆ ಬಂದು, ಗಂಡ ಕೂರುತ್ತಿದ್ದ ಮೆಟ್ಟಿಲ ಮೇಲೆ ಕೂತಳು. ಮಂಡಿ ನೋಯುತ್ತಿತ್ತು, ಮನಸ್ಸು ಹಗುರವಾಗಿತ್ತು. ಕದ್ದು ತಂದ ಗಂಟೆಯಾದರೂ ಗಂಟೆಯೇ ತಾನೇ ಎಂದುಕೊಂಡಳು.

ಹಿಂದಿನಿಂದ ಮತ್ತೆ ಕೇಳಿತು. ಢಣ್! ಒಂದೇ ಪೆಟ್ಟು.

ತಿರುಗಿ ನೋಡಿದರೆ ಮೇಷ್ಟ್ರು ಹಗ್ಗ ಹಿಡಿದು ನಿಂತಿದ್ದರು. ಕೆನ್ನೆಯ ಮೇಲೆ ನೀರು ಹರಿಯುತ್ತಿತ್ತು, ಒರೆಸಿಕೊಳ್ಳುತ್ತಿರಲಿಲ್ಲ. ಈ ಸಲ ಬಾಗಿಲು ತೆರೆದೇ ಇತ್ತು.

ಬೀದಿ ಮತ್ತೆ ನಿಂತಿತು. "ಇನ್ಯಾರಪ್ಪ?" ಎಂದು ಯಂತ್ರದವನು ಗೊಣಗುತ್ತ ಮತ್ತೆ ಟೊಪ್ಪಿ ತೆಗೆದ. ಅದೇ ಹೊತ್ತಿಗೆ ಬೇಕರಿಯವನು ಅರ್ಧಂಬರ್ಧ ಸೀದ ಬನ್ನುಗಳ ತಟ್ಟೆಯನ್ನು ತೆಳ್ಳನೆಯ ಬಟ್ಟೆಯಲ್ಲಿ ಹಿಡಿದು ಹೊರಗೆ ಬಂದಿದ್ದ. ಗಂಟೆ ಕೇಳಿ ನಡುಬೀದಿಯಲ್ಲೇ ನಿಂತ. ತೆರೆದ ಬಾಗಿಲಿನೊಳಗೆ ಹಗ್ಗ ಹಿಡಿದಿದ್ದ ಅಣ್ಣನನ್ನು ಕಂಡ. ಯಾರಿಗೆಂದು ಅವನಿಗೆ ತಿಳಿಯಿತು. ತಲೆ ಬಾಗಿಸಿದ. ಬಿಸಿ ತಟ್ಟೆ ಬಟ್ಟೆ ದಾಟಿ ಕೈ ಸುಡುತ್ತಿತ್ತು. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ, ತುಟಿ ಕಚ್ಚುತ್ತ, ತಟ್ಟೆ ಇಳಿಸದೆ ಹಾಗೇ ನಿಂತಿದ್ದ.

ಬೀಗದಮ್ಮನಿಗೆ ನೋಡಲಾಗಲಿಲ್ಲ. ನಾದ ಇನ್ನೂ ಪೂರ್ತಿ ಅಡಗಿರಲಿಲ್ಲ, ಆದರೂ ಅವಳು ಮೆಟ್ಟಿಲಿನಿಂದ ಎದ್ದು ಕೂಗಿಬಿಟ್ಟಳು.

"ಸಾಕು ಇಳಿಸೋ ಕಂದಾ, ಕೈ ಸುಡುತ್ತೆ! ನಿಮ್ಮಪ್ಪ ನೋಡಿದ್ರೆ ನಂಗೆ ಬೈತಾರೆ!"